ಮಗು ಹೇಳಿದ ಗುಟ್ಟು, ಮೇಷ್ಟ್ರು ಕೊಟ್ಟ ಮಾತು

ಶಿಕ್ಷಕರ ಕಷ್ಟಗಳ ಮಾತು ಬಂದಾಗ ಜನಗಣತಿ, ಚುನಾವಣೆ ಕೆಲಸ, ಬಿಸಿಯೂಟದ ಲೆಕ್ಕ, ವರ್ಗಾವಣೆ ಎಲ್ಲವೂ ಬರುತ್ತವೆ. ಪ್ರಸ್ತಾಪಕ್ಕೇ ಬಾರದ ಕಷ್ಟ ಇನ್ನೊಂದಿದೆ. ಸಂಜೆಯ ಗಂಟೆ ಹೊಡೆದು ಎಲ್ಲರೂ ಚೀಲ ಏರಿಸಿಕೊಂಡು ಹೋದ ಮೇಲೂ ಒಂದು ಮಗು ಬಾಗಿಲ ಹತ್ತಿರವೇ ನಿಲ್ಲುತ್ತದೆ. ‘ಟೀಚರ್, ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ’ ಎನ್ನುತ್ತದೆ. ಮಗುವಿನ ಮುಖ ನೋಡಿ ಕರುಳು ಚುರುಕ್ ಎಂದು ಶಿಕ್ಷಕಿ ಆಯಿತು ಎಂದುಬಿಡುತ್ತಾರೆ. ಆಮೇಲೆ ಮಗು ಹೇಳುವುದು ಸೋದರಮಾವನ ವಿಷಯವಿರಬಹುದು, ಪಕ್ಕದ ಮನೆಯವನದ್ದಿರಬಹುದು, ಟ್ಯೂಷನ್ ಹೇಳುವವನದ್ದಿರಬಹುದು, ಕೆಲವೊಮ್ಮೆ ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರದ್ದೂ ಇರಬಹುದು. ಆ ಕ್ಷಣದಿಂದ ಶಿಕ್ಷಕಿಯ ಮೇಲೆ ಎರಡು ಹೊಣೆ ಬೀಳುತ್ತವೆ. ಕೊಟ್ಟ ಮಾತು ಒಂದು, ಪೋಕ್ಸೊ ಕಾಯ್ದೆಯ 19ನೇ ಕಲಂ ಇನ್ನೊಂದು. ಮೊದಲನೆಯದು ಬಾಯಿ ಕಟ್ಟುತ್ತದೆ, ಎರಡನೆಯದು ಬಾಯಿ ಬಿಡಿಸುತ್ತದೆ. ವಕೀಲರನ್ನು ಕೇಳಿದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಧರ್ಮದ ಪ್ರಶ್ನೆಯಾಗಿ ಅದು ಅಷ್ಟು ಸಲೀಸಲ್ಲ, ಏಕೆಂದರೆ ಮಾತಿಗೆ ತಪ್ಪುವುದನ್ನು ನಮ್ಮ ನಾಡು ಎಂದೂ ಸಣ್ಣ ತಪ್ಪೆಂದು ಎಣಿಸಿದ್ದಿಲ್ಲ. ಆದರೂ ನನ್ನ ವಾದ ಇಷ್ಟು: ಇಂಥ ವಿಷಯದಲ್ಲಿ ಗುಟ್ಟು ಕಾಯುತ್ತೇನೆಂಬ ಮಾತು, ಕೊಡಲು ಶಿಕ್ಷಕರಿಗೆ ಅಧಿಕಾರವೇ ಇಲ್ಲದ ಮಾತು. ಅದನ್ನು ಮುರಿಯುವುದು ಮಗುವಿಗೆ ಬಗೆಯುವ ದ್ರೋಹವಾಗದು. ಪೊಲೀಸರಿಗೆ ತಿಳಿಸಿ ಅಲ್ಲಿಗೆ ಕೈ ತೊಳೆದುಕೊಳ್ಳುವುದು ಮಾತ್ರ ದ್ರೋಹವೇ.

ಮೊದಲು ಕಾನೂನು ಏನನ್ನುತ್ತದೆ ನೋಡೋಣ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ಪೋಕ್ಸೊ, ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. ಹದಿನೆಂಟು ತುಂಬದ ಹುಡುಗಿಗೂ ಹುಡುಗನಿಗೂ ಅದು ಒಂದೇ ಬಗೆಯ ರಕ್ಷಣೆ ಕೊಡುತ್ತದೆ. ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು, ಯಾರೇ ಆಗಿರಲಿ, ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಇಲ್ಲವೇ ಸ್ಥಳೀಯ ಠಾಣೆಗೆ ತಿಳಿಸಲೇಬೇಕು ಎನ್ನುತ್ತದೆ 19ನೇ ಕಲಂ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಸಂಸ್ಥೆಯೊಂದರ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಶಿಕ್ಷೆ ಒಂದು ವರ್ಷದವರೆಗೆ ಹೋಗುತ್ತದೆ. ಹೆಡ್‌ಮಾಸ್ಟರಿಗೆ ಹೇಳಿದ್ದೇನೆ, ಮುಂದಿನದು ಅವರಿಗೆ ಬಿಟ್ಟದ್ದು ಎಂದು ಶಿಕ್ಷಕರು ನೆಮ್ಮದಿಯಾಗಿ ಕೂರುವಂತಿಲ್ಲ. ಕಾನೂನು ಹೊಣೆಯನ್ನು ಹೊರಿಸಿರುವುದು ತಿಳಿದ ಪ್ರತಿಯೊಬ್ಬರ ಮೇಲೆ. ಸಾಕ್ಷ್ಯ ಕಾನೂನಿನಲ್ಲಿ ವಕೀಲ ಮತ್ತು ಕಕ್ಷಿದಾರರ ಮಾತಿಗೆ, ಗಂಡ ಹೆಂಡಿರ ಮಾತಿಗೆ ರಕ್ಷಣೆಯಿದೆ. ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮಾತಿಗೆ ಅಂಥ ಬೇಲಿಯನ್ನು ಯಾರೂ ಕಟ್ಟಿಲ್ಲ.

ಈ ಹೊಣೆ ಬರೀ ಕಾಗದದ ಮೇಲಿನದೆಂದು ಭಾವಿಸಿದ್ದವರಿಗೆ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಉತ್ತರ ಕೊಟ್ಟಿತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದಲ್ಲಿ ಆದಿವಾಸಿ ಹೆಣ್ಣುಮಕ್ಕಳ ವಸತಿ ಶಾಲೆಯೊಂದರ ಮಕ್ಕಳ ಮೇಲೆ ದೌರ್ಜನ್ಯ ನಡೆದಿತ್ತು. ಮಕ್ಕಳಿಗೆ ಚಿಕಿತ್ಸೆ ನೀಡಲು ನೇಮಕಗೊಂಡಿದ್ದ ವೈದ್ಯರು ವಿಷಯ ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲ ಎಂಬುದು ಅವರ ಮೇಲಿದ್ದ ಆರೋಪ. ಹೈಕೋರ್ಟ್ ಅದನ್ನು ರದ್ದುಪಡಿಸಿತ್ತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ತಿಳಿದೂ ವರದಿ ಮಾಡದಿರುವುದು ಗಂಭೀರ ಅಪರಾಧ, ಬಹುಪಾಲು ಅದು ತಪ್ಪಿತಸ್ಥರನ್ನು ಮರೆಮಾಚುವ ಯತ್ನವೇ ಆಗಿರುತ್ತದೆ ಎಂಬುದು ತೀರ್ಪಿನ ಸಾರ. ವೈದ್ಯರ ಬಗ್ಗೆ ಆಡಿದ ಈ ಮಾತು ಶಿಕ್ಷಕರಿಗೂ ಅಕ್ಷರಶಃ ಅನ್ವಯಿಸುತ್ತದೆ. ಆದರೆ ಶಿಕ್ಷೆಯ ಭಯ ಒಂದು ಕೆಲಸವನ್ನು ಮಾಡಿಸಬಲ್ಲದು, ಅದನ್ನು ಸರಿಯೆಂದು ಮನವರಿಕೆ ಮಾಡಿಕೊಡಲಾರದು. ಭಯಕ್ಕೆ ಮಣಿದು ವರದಿ ಮಾಡಿದ ಶಿಕ್ಷಕಿಗೆ ರಾತ್ರಿ ಮಲಗಿದಾಗ ತಾನು ಆ ಮಗುವಿಗೆ ಮೋಸ ಮಾಡಿದೆನೇ ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಆ ಪ್ರಶ್ನೆಗೆ ಕಾನೂನಿನಾಚೆ ಉತ್ತರ ಹುಡುಕಬೇಕು.

ಮಾತು ಕೊಡುವುದೆಂದರೆ ಏನು ಎಂಬಲ್ಲಿಂದಲೇ ಹೊರಡೋಣ. ಕನ್ನಡದ ಮಕ್ಕಳಿಗೆ ಇದರ ಮೊದಲ ಪಾಠವನ್ನು ಹೇಳಿಕೊಡುವುದು ಪುಣ್ಯಕೋಟಿ. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಹುಲಿಗೆ ಮಾತು ಕೊಟ್ಟ ಹಸು ಹೇಳಿದಂತೆ ಮರಳಿ ಬಂತು. ಆ ಕತೆ ನಮ್ಮನ್ನು ಇಂದಿಗೂ ಅಲುಗಾಡಿಸುವುದಕ್ಕೆ ಒಂದು ಕಾರಣವಿದೆ: ಪುಣ್ಯಕೋಟಿ ಪಣವಿಟ್ಟದ್ದು ತನ್ನ ಪ್ರಾಣವನ್ನು. ಕರುವನ್ನು ಕರೆತಂದು ಹುಲಿಯ ಮುಂದೆ ನಿಲ್ಲಿಸುತ್ತೇನೆಂದು ಅದು ಮಾತು ಕೊಟ್ಟು, ಹಾಗೆಯೇ ನಡೆದುಕೊಂಡಿದ್ದರೆ ಯಾವ ತಾಯಿಯೂ ಆ ಕತೆಯನ್ನು ಮಗುವಿಗೆ ಹೇಳುತ್ತಿರಲಿಲ್ಲ. ರಾಘವಾಂಕನ ಹರಿಶ್ಚಂದ್ರನ ವಿಷಯದಲ್ಲಿ ಓದುಗರ ಮನಸ್ಸು ಇಬ್ಬಗೆಯಾಗುವುದೂ ಇಲ್ಲಿಯೇ. ರಾಜ್ಯ ಬಿಟ್ಟಾಗ ತಲೆದೂಗುವ ನಾವು, ಚಂದ್ರಮತಿಯನ್ನೂ ಲೋಹಿತಾಶ್ವನನ್ನೂ ಮಾರಿದಾಗ ಕಸಿವಿಸಿಗೊಳ್ಳುತ್ತೇವೆ. ಸತ್ಯ ಅರಸನದು, ಅದರ ಬೆಲೆ ತೆತ್ತವರು ಹೆಂಡತಿ ಮಕ್ಕಳು. ಮಾತಿಗೆ ಬೆಲೆ ಬರುವುದು ಕೊಟ್ಟವರೇ ಅದರ ಭಾರ ಹೊತ್ತಾಗ. ಗುಟ್ಟು ಕಾಯುತ್ತೇನೆಂದ ಶಿಕ್ಷಕಿಯ ಮಾತಿನ ಭಾರ ಬೀಳುವುದು ಯಾರ ಮೇಲೆ? ಅವರು ಸುಮ್ಮನಿದ್ದಷ್ಟು ದಿನವೂ ಮಗು ಅದೇ ಮನೆಗೆ, ಅದೇ ಟ್ಯೂಷನ್ನಿಗೆ, ಅದೇ ಆಟೋರಿಕ್ಷಾಕ್ಕೆ ಹೋಗಿ ಬರುತ್ತಿರಬೇಕು. ಅದೇ ಕೈಗೆ ನಾಳೆ ಇನ್ನೊಂದು ಮಗು ಸಿಗಬಹುದು. ಇನ್ನೊಬ್ಬರ ಮೈಮೇಲೆ ಸಾಲ ಹೊರಿಸಿ ಕೊಟ್ಟ ಮಾತನ್ನು ಉಳಿಸಿಕೊಂಡೆನೆಂದು ಹೆಮ್ಮೆಪಡುವುದರಲ್ಲಿ ಸತ್ಯನಿಷ್ಠೆ ಇಲ್ಲ.

ಮಹಾಭಾರತದ ಕರ್ಣಪರ್ವ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಳ್ಳುತ್ತದೆ. ಕರ್ಣನಿಂದ ಪೆಟ್ಟು ತಿಂದು ಬಿಡಾರ ಸೇರಿದ ಧರ್ಮರಾಯ ಸಿಟ್ಟಿನಲ್ಲಿ ಅರ್ಜುನನಿಗೆ, ನಿನ್ನ ಗಾಂಡೀವವನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು ಎನ್ನುತ್ತಾನೆ. ಹಾಗೆಂದವರ ತಲೆ ತೆಗೆಯುವೆನೆಂದು ಅರ್ಜುನ ಮನಸ್ಸಿನಲ್ಲೇ ಒಂದು ಪ್ರತಿಜ್ಞೆ ಮಾಡಿಕೊಂಡಿದ್ದ. ಅದನ್ನು ಪಾಲಿಸಲು ಅಣ್ಣನ ಮೇಲೇ ಕತ್ತಿ ಹಿರಿಯುತ್ತಾನೆ. ತಡೆದ ಕೃಷ್ಣ ಅವನಿಗೆ ಕೌಶಿಕನೆಂಬ ತಪಸ್ವಿಯ ಕತೆ ಹೇಳುತ್ತಾನೆ. ಸದಾ ಸತ್ಯವನ್ನೇ ನುಡಿಯುವ ವ್ರತ ಹಿಡಿದಿದ್ದ ಕೌಶಿಕನ ಆಶ್ರಮದ ಬಳಿಯ ಕಾಡಿನಲ್ಲಿ, ದರೋಡೆಕೋರರಿಗೆ ಹೆದರಿ ಓಡಿಬಂದ ಜನ ಅಡಗಿಕೊಂಡರು. ಬೆನ್ನಟ್ಟಿ ಬಂದವರು ಕೇಳಿದಾಗ ಕೌಶಿಕ ದಾರಿ ತೋರಿಸಿದ. ಅಡಗಿದ್ದವರೆಲ್ಲ ಸತ್ತರು. ವ್ರತ ಕಾಪಾಡಿಕೊಂಡ ಕೌಶಿಕ ಸೇರಿದ್ದು ನರಕವನ್ನು. ಜೀವಿಗಳನ್ನು ಕಾಯುವುದಕ್ಕಾಗಿ ಧರ್ಮವಿದೆ, ಸತ್ಯವ್ರತವೂ ಆ ಕೆಲಸದ ಒಂದು ಸಾಧನ ಎಂಬುದು ಅಲ್ಲಿನ ಬೋಧೆ. ಕೌಶಿಕನ ತಪ್ಪು ನಾಲಿಗೆ ಬಿಟ್ಟಿದ್ದರಲ್ಲಿತ್ತು, ಸುಮ್ಮನಿರುವ ಶಿಕ್ಷಕರ ತಪ್ಪು ನಾಲಿಗೆ ಕಟ್ಟಿಕೊಂಡದ್ದರಲ್ಲಿದೆ. ಬೇರು ಒಂದೇ: ಎದುರಿಗಿರುವ ಜೀವಕ್ಕಿಂತ ತನ್ನ ವ್ರತದ ಶುದ್ಧಿ ದೊಡ್ಡದೆಂದುಕೊಳ್ಳುವುದು. ಕೊಲೆಗಡುಕ ಬಾಗಿಲಿಗೆ ಬಂದು ಕೇಳಿದರೂ ಸುಳ್ಳು ಹೇಳಕೂಡದೆಂದು 1797ರ ಪ್ರಬಂಧವೊಂದರಲ್ಲಿ ವಾದಿಸಿದ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಕೌಶಿಕನ ಪಕ್ಷದವನು. ಆತನನ್ನು ಗೌರವದಿಂದ ಓದುವವರಲ್ಲೂ ಬಹಳ ಮಂದಿ ಆ ಜಾಗದಲ್ಲಿ ಅವನ ಕೈ ಬಿಡುತ್ತಾರೆ.

ಸುಮ್ಮನಿರುವುದು ಯಾರ ಪಕ್ಷವನ್ನೂ ವಹಿಸದ ಮಧ್ಯಸ್ಥ ನಿಲುವು ಎಂಬ ನಂಬಿಕೆಗೂ ಮಹಾಭಾರತ ಉತ್ತರ ಕೊಟ್ಟಿದೆ. ದ್ಯೂತಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಹಿರಿಯರೆಲ್ಲ ತಲೆ ತಗ್ಗಿಸಿ ಕೂತಾಗ ವಿದುರ ಎದ್ದು ಪ್ರಹ್ಲಾದನ ಕತೆಯೊಂದನ್ನು ಹೇಳುತ್ತಾನೆ. ಆ ಕತೆಯಲ್ಲಿ ಕಶ್ಯಪ ಪಾಪದ ಪಾಲು ಹಂಚುವ ರೀತಿ ಕುತೂಹಲಕರವಾಗಿದೆ. ಖಂಡಿಸಬೇಕಾದ್ದನ್ನು ಸಭೆ ಖಂಡಿಸದೆ ಬಿಟ್ಟರೆ ಅರ್ಧ ಪಾಪ ಸಭೆಯ ಹಿರಿಯನಿಗೆ, ಕಾಲು ಪಾಲು ಮಾಡಿದವನಿಗೆ, ಉಳಿದ ಕಾಲು ಸುಮ್ಮನೆ ಕೂತ ಸಭಿಕರಿಗೆ. ಸಭಿಕರ ಎರಡರಷ್ಟು ಮುಖ್ಯಸ್ಥನಿಗೆ! ನಮ್ಮ 21ನೇ ಕಲಂ ಕೂಡ ತಿಳಿದೂ ಸುಮ್ಮನಿದ್ದವರಿಗೆ ಆರು ತಿಂಗಳು, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷ ಎನ್ನುತ್ತದೆ. ಕಾಯ್ದೆ ಬರೆದವರು ಸಭಾಪರ್ವ ನೋಡಿ ಬರೆದರೆಂದು ನಾನು ಹೇಳುತ್ತಿಲ್ಲ. ಎರಡೂ ಒಂದೇ ಅನುಭವದಿಂದ ಹುಟ್ಟಿವೆ: ಅಧಿಕಾರ ಹೆಚ್ಚಿದಷ್ಟೂ ಮೌನದ ಅಪರಾಧ ಹೆಚ್ಚುತ್ತದೆ. ಕಡ್ಡಾಯ ವರದಿ ನಮ್ಮ ಸಂಸ್ಕೃತಿಗೆ ಒಗ್ಗದ, ಎಲ್ಲಿಂದಲೋ ತಂದ ಕಟ್ಟಳೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಮೌನದಿಂದ ಲಾಭ ಯಾರಿಗೆ ಎಂಬುದಕ್ಕೆ ಪುರಾಣವನ್ನೇ ನಂಬಬೇಕಾಗಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗಿದ್ದೇವೆಂದು ಹೇಳಿದವರು ಶೇ 53.22. ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಅದನ್ನು ಯಾರ ಬಳಿಯೂ ಹೇಳಿಕೊಂಡಿರಲಿಲ್ಲ. ಪೊಲೀಸ್ ಠಾಣೆಯವರೆಗೆ ಬರುವ ಪೋಕ್ಸೊ ಪ್ರಕರಣಗಳಲ್ಲಂತೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿದ್ದವರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಗಳು ವರ್ಷ ವರ್ಷವೂ ಹೇಳುತ್ತಿವೆ. ಯಾರಿಗೂ ಹೇಳಬೇಡ ಎಂಬ ಮಾತು ಮಗುವಿನ ಬಾಯಿಗೆ ಎಲ್ಲಿಂದ ಬಂತು ಎಂಬುದಕ್ಕೆ ಇಲ್ಲಿ ಸುಳಿವಿದೆ. ಬಹಳ ಸಲ ಅದನ್ನು ಕಲಿಸಿಕೊಟ್ಟವನು ತಪ್ಪಿತಸ್ಥನೇ. ಹೇಳಿದರೆ ಅಮ್ಮನಿಗೆ ಏನಾದರೂ ಆಗುತ್ತದೆ, ನಿನ್ನನ್ನೇ ಬೈಯುತ್ತಾರೆ, ಯಾರೂ ನಂಬುವುದಿಲ್ಲ ಎಂದು ಅವನು ಮಗುವನ್ನು ಕಟ್ಟಿಹಾಕಿರುತ್ತಾನೆ. ಶಿಕ್ಷಕಿ ಆಣೆ ಮಾಡಿದರೆ ಅವನು ಹಾಕಿದ ಗಂಟಿಗೆ ತಾವೂ ಇನ್ನೊಂದು ಗಂಟು ಹಾಕಿದಂತೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಏನೂ ಆಗಬಾರದೆಂದೇ ಮಗು ಬಯಸಿದ್ದರೆ ಅದು ಬಾಗಿಲ ಬಳಿ ನಿಲ್ಲುತ್ತಿರಲಿಲ್ಲ. ನಿಂತದ್ದೇ ಒಂದು ಕೋರಿಕೆ, ಯಾರಿಗೂ ಹೇಳಬೇಡಿ ಎಂಬುದು ಆ ಕೋರಿಕೆಗೆ ಅಂಟಿಕೊಂಡ ಭಯ.

ವಯಸ್ಕ ಹೆಣ್ಣುಮಗಳೊಬ್ಬಳು ತನ್ನ ಮೇಲಾದ ಅತ್ಯಾಚಾರವನ್ನು ಗೆಳತಿಗೆ ಹೇಳಿಕೊಂಡರೆ, ಅದನ್ನು ಠಾಣೆಗೆ ಮುಟ್ಟಿಸಲೇಬೇಕೆಂಬ ಕಟ್ಟಳೆ ಆ ಗೆಳತಿಯ ಮೇಲೆ ಇಲ್ಲ. ದೂರು ಕೊಡುವುದು ಬಿಡುವುದು ಅವಳ ತೀರ್ಮಾನ ಎಂದು ಕಾನೂನು ಗೌರವಿಸುತ್ತದೆ. ಮಗುವಿನ ವಿಷಯದಲ್ಲಿ ಮಾತ್ರ ಆ ತೀರ್ಮಾನವನ್ನು ಅದರ ಕೈಯಿಂದ ತೆಗೆದುಕೊಂಡಿದೆ. ಇದು ಮಗುವಿನ ಇಚ್ಛೆಗೆ ಮಾಡಿದ ಅಗೌರವವೇ? ಹಾಗೆ ಕಾಣಬಹುದು. ಆದರೆ ಎಂಟು ವರ್ಷದ ಮಗುವಿಗೆ ಸುಮ್ಮನಿರುವ ಆಯ್ಕೆಯನ್ನು ಕೊಟ್ಟರೆ, ಸುಮ್ಮನಿದ್ದ ತಪ್ಪನ್ನೂ ಅದರ ತಲೆಗೇ ಕಟ್ಟಿದಂತಾಗುತ್ತದೆ. ದೊಡ್ಡವಳಾದ ಮೇಲೆ, ನಾನೇ ಹೇಳಬೇಡಿ ಎಂದೆನಲ್ಲ, ಅದಕ್ಕೇ ತಂಗಿಗೂ ಹೀಗಾಯಿತಲ್ಲ ಎಂದು ಆಕೆ ಕೊರಗುವಂತೆ ಮಾಡುವುದು ಗೌರವವಲ್ಲ. ಆ ತೀರ್ಮಾನವನ್ನು ದೊಡ್ಡವರು ತಮ್ಮ ಹೆಗಲಿಗೆ ಹಾಕಿಕೊಳ್ಳುವುದು ಮಗುವಿನ ಮೇಲಿನ ಭಾರವನ್ನು ಇಳಿಸುತ್ತದೆ. ಪೋಷಕರು ಕೂಸಿಗೆ ಮಾಡುವುದು ಇದನ್ನೇ, ಶಾಲೆಯ ಹೊತ್ತಿನಲ್ಲಿ ಪೋಷಕರ ಜಾಗದಲ್ಲಿ ನಿಂತ ಶಿಕ್ಷಕರಿಗೂ ಅದೇ ಪಾತ್ರ.

ಇನ್ನು ಆಕ್ಷೇಪಗಳು. ಮೊದಲನೆಯದು ನಂಬಿಕೆಯದು. ಮೇಷ್ಟ್ರು ಪೊಲೀಸರಿಗೆ ಹೇಳುತ್ತಾರೆಂದು ಗೊತ್ತಾದರೆ ಮಕ್ಕಳು ಬಾಯಿಯನ್ನೇ ಬಿಡುವುದಿಲ್ಲ, ಆಗ ಇರುವ ಒಂದು ಬಾಗಿಲೂ ಮುಚ್ಚಿಹೋಗುತ್ತದೆ ಎನ್ನುತ್ತಾರೆ. ಕ್ಯಾಥೊಲಿಕ್ ಚರ್ಚಿನ ಪಾಪನಿವೇದನೆಯ ಗೋಪ್ಯತೆಯನ್ನು ಸಮರ್ಥಿಸುವವರ ವಾದವೂ ಹೆಚ್ಚುಕಡಿಮೆ ಇದೇ. ಸಂಸ್ಥೆಗಳಲ್ಲಿ ಮಕ್ಕಳ ಮೇಲಾದ ದೌರ್ಜನ್ಯದ ಬಗ್ಗೆ ವರ್ಷಗಟ್ಟಲೆ ವಿಚಾರಣೆ ನಡೆಸಿದ ಆಸ್ಟ್ರೇಲಿಯದ ರಾಯಲ್ ಕಮಿಷನ್ 2017ರ ಅಂತಿಮ ವರದಿಯಲ್ಲಿ, ಪಾಪನಿವೇದನೆಗೂ ವಿನಾಯಿತಿ ಬೇಡವೆಂದು ಶಿಫಾರಸು ಮಾಡಿತು. ನಮ್ಮ ಪೋಕ್ಸೊದಲ್ಲೂ ಪಾದ್ರಿಗಾಗಲಿ, ಮಠಾಧಿಪತಿಗಾಗಲಿ, ಮೌಲವಿಗಾಗಲಿ ವಿನಾಯಿತಿ ಇಲ್ಲ. ಆಕ್ಷೇಪದಲ್ಲಿ ಹುರುಳಿದೆ ಎಂಬುದನ್ನು ಒಪ್ಪುತ್ತೇನೆ. ಕೆಲವು ಮಕ್ಕಳು ಹೇಳದೇ ಹೋಗಬಹುದು. ಆದರೆ ಹೇಳಿದ ಮೇಲೂ ಏನೂ ಬದಲಾಗದಿದ್ದರೆ ಆ ಮಗು ಇನ್ನೊಮ್ಮೆ ಯಾರ ಬಳಿಯೂ ಹೇಳುವುದಿಲ್ಲ. ನಂಬಿಕೆ ಕುಸಿಯುವುದು ಅಲ್ಲಿ, ಅದೂ ಬುಡಸಮೇತ. ಶಿಕ್ಷಕರ ಮೇಲಿನ ನಂಬಿಕೆ ಎಂದರೆ ಅವರು ತನ್ನನ್ನು ಕಾಪಾಡುತ್ತಾರೆಂಬ ನಂಬಿಕೆಯೇ ಹೊರತು, ಕೇಳಿಸಿಕೊಂಡು ಸುಮ್ಮನಾಗುತ್ತಾರೆಂಬುದಲ್ಲ.

ಎರಡನೆಯ ಆಕ್ಷೇಪ ಊರಿನದು. ವಿಷಯ ಹೊರಬಿದ್ದರೆ ಹುಡುಗಿಯನ್ನು ಶಾಲೆ ಬಿಡಿಸುತ್ತಾರೆ, ಯಾರಿಗೋ ಕೊಟ್ಟು ಮದುವೆ ಮಾಡಿ ಕೈ ತೊಳೆದುಕೊಳ್ಳುತ್ತಾರೆ, ಮನೆಯ ಮರ್ಯಾದೆ ಬೀದಿಗೆ ಬರುತ್ತದೆ, ಕೋರ್ಟಿನ ಅಲೆದಾಟದಲ್ಲಿ ಮಗು ಇನ್ನಷ್ಟು ಬೇಯುತ್ತದೆ. ಇದರಲ್ಲಿ ಒಂದೂ ಕಟ್ಟುಕತೆಯಲ್ಲ. ಸಾಧ್ಯವಾದಷ್ಟು ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕೆಂದು ಕಾಯ್ದೆ ಹೇಳಿದರೂ ಬಹಳ ಪ್ರಕರಣಗಳಲ್ಲಿ ಹಾಗಾಗುತ್ತಿಲ್ಲ. ಆದರೆ ಈ ಕಷ್ಟಗಳ ಮೂಲ ವರದಿಯಲ್ಲಿದೆಯೇ, ವರದಿಯ ನಂತರ ಊರು ನಡೆದುಕೊಳ್ಳುವ ರೀತಿಯಲ್ಲಿದೆಯೇ? ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು, ಬರುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳೆಯೇ ಆಗಿರಬೇಕು, ರಾತ್ರಿ ಮಗುವನ್ನು ಠಾಣೆಯಲ್ಲಿ ಉಳಿಸಿಕೊಳ್ಳಬಾರದು ಎಂದು 24ನೇ ಕಲಂ ಹೇಳುತ್ತದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. 2020ರ ನಿಯಮಗಳಂತೆ ತನಿಖೆ, ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರಲು ಆ ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಒದಗಿಸಬಹುದು. ಇಷ್ಟು ಏರ್ಪಾಡು ಇರುವುದು ಅನೇಕ ಶಿಕ್ಷಕರಿಗೇ ಗೊತ್ತಿಲ್ಲ. ಗೊತ್ತಿದ್ದರೆ ತಾನೇ ಅದನ್ನು ಕೇಳಿ ಪಡೆಯಲು ಸಾಧ್ಯ? ಮರ್ಯಾದೆಯ ವಿಷಯಕ್ಕೆ ಬಂದರೆ, ಮಾಡಿದವನ ಮರ್ಯಾದೆ ಹೋಗಬೇಕಾದಲ್ಲಿ ಮಗುವಿನ ಮರ್ಯಾದೆ ಹೋಗುತ್ತದೆಂದು ನಾವು ನಂಬಿರುವಷ್ಟು ಕಾಲ ಅವನಿಗೆ ನಮ್ಮಷ್ಟು ಒಳ್ಳೆಯ ವಕೀಲರು ಸಿಗುವುದಿಲ್ಲ.

ಮೂರನೆಯದು ನಿರಪರಾಧಿಯ ಪರವಾದ ಆಕ್ಷೇಪ. ಮಗು ತಪ್ಪು ತಿಳಿದಿರಬಹುದು, ಯಾರೋ ಹೇಳಿಕೊಟ್ಟಿರಬಹುದು, ಒಬ್ಬನ ಬಾಳು ಹಾಳಾಗಬಹುದು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರಿಂದ ಹೊರಡುವ ತೀರ್ಮಾನ ಸುಮ್ಮನಿರು ಎಂಬುದಲ್ಲ, ನೀನೇ ತೀರ್ಪು ಕೊಡಬೇಡ ಎಂಬುದು. ಕೇರಳದ ಪ್ರಕರಣವೊಂದರಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದಂತೆ, ತಿಳಿದದ್ದನ್ನು ತಿಳಿಸುವುದಷ್ಟೇ ಕರ್ತವ್ಯ, ತನಿಖೆ ಮಾಡಿ ತಿಳಿವನ್ನು ಸಂಪಾದಿಸುವ ಹೊಣೆ ಯಾರ ಮೇಲೂ ಇಲ್ಲ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಕ್ರಮವೂ ಇಲ್ಲವೆಂದು 19ನೇ ಕಲಂ ಅಭಯ ಕೊಡುತ್ತದೆ, ಮಾನ ಕಳೆಯಲೆಂದೋ ಹಣ ಕೀಳಲೆಂದೋ ಸುಳ್ಳು ದೂರು ಕೊಟ್ಟವರಿಗೆ 22ನೇ ಕಲಂ ಶಿಕ್ಷೆ ವಿಧಿಸುತ್ತದೆ. ನಿರಪರಾಧಿಗೆ ನಿಜವಾದ ಅಪಾಯ ಇರುವುದು ಸ್ಟಾಫ್ ರೂಮಿನ ವಿಚಾರಣೆಯಲ್ಲಿ. ಮಗುವನ್ನು ನಾಲ್ವರ ನಡುವೆ ನಿಲ್ಲಿಸಿ, ಇನ್ನೊಮ್ಮೆ ಹೇಳು, ಸರಿಯಾಗಿ ಹೇಳು ಎಂದು ಕೇಳುತ್ತಾ ಹೋದರೆ ಮಗು ಕೇಳುವವರ ಮುಖ ನೋಡಿ ಮಾತು ಬದಲಿಸುತ್ತದೆ. ಆಗ ಸತ್ಯವೂ ಕೆಡುತ್ತದೆ, ಸಾಕ್ಷ್ಯವೂ ಕೆಡುತ್ತದೆ. ಮಗು ಒಮ್ಮೆ ಹೇಳಿದ್ದನ್ನು ಅದರದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದಿಟ್ಟು, ಕೇಳಬೇಕಾದವರಿಗೆ ಬಿಡುವುದು ಆರೋಪಿಗೂ ನ್ಯಾಯ ಸಲ್ಲಿಸುವ ದಾರಿ.

ಆರೋಪಿ ಸಹೋದ್ಯೋಗಿಯೇ ಆಗಿದ್ದಾಗ ಬೇರೊಂದು ಒತ್ತಡ ಬರುತ್ತದೆ. ಶಾಲೆಯ ಹೆಸರು ಕೆಡುತ್ತದೆ, ಒಳಗೇ ಮುಗಿಸೋಣ, ವರ್ಗಾವಣೆ ಮಾಡಿಸೋಣ ಎಂಬ ಸಲಹೆ ಆಡಳಿತ ಮಂಡಳಿಯಿಂದಲೋ ಎಸ್‌ಡಿಎಂಸಿಯಿಂದಲೋ ಬರುತ್ತದೆ. ವರ್ಗಾವಣೆ ಎಂದರೆ ಇನ್ನೊಂದು ಊರಿನ ಮಕ್ಕಳಿಗೆ ಅವನನ್ನು ಕಳಿಸಿಕೊಡುವುದು. ಶಿಕ್ಷಣ ಸಂಸ್ಥೆಯ ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ಎಸಗುವ ಕೃತ್ಯವನ್ನು ಪೋಕ್ಸೊ ಹೆಚ್ಚು ತೀವ್ರವಾದ ಅಪರಾಧವೆಂದೇ ಎಣಿಸುತ್ತದೆ. ಗುರುವನ್ನು ದೇವರೆಂದು ಕಾಣುವ ಪರಂಪರೆ ನಮ್ಮದು, ಅವರನ್ನು ಪ್ರಶ್ನಿಸಬಾರದು ಎನ್ನುವವರು ಆ ಮಾತು ಬರುವ ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯನ್ನು ಮುಂದಕ್ಕೂ ಓದಬೇಕು. ಅಲ್ಲಿ ಗುರುವೇ ಶಿಷ್ಯನಿಗೆ, ನಮ್ಮ ಒಳ್ಳೆಯ ನಡತೆಗಳನ್ನು ಮಾತ್ರ ಅನುಸರಿಸು, ಉಳಿದವನ್ನು ಬಿಡು ಎನ್ನುತ್ತಾನೆ. ತನ್ನಲ್ಲಿ ಬಿಡಬೇಕಾದ್ದೂ ಇರಬಹುದೆಂದು ಗುರುವೇ ಒಪ್ಪಿಕೊಂಡ ಮೇಲೆ ಸಹೋದ್ಯೋಗಿಗಳು ಅದನ್ನು ಮುಚ್ಚಿಡುವುದು ಯಾವ ಗುರುಭಕ್ತಿ?

ನಾಲ್ಕನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹದಿನೇಳರ ಹುಡುಗಿ, ಹದಿನೆಂಟರ ಹುಡುಗ, ಇಬ್ಬರಿಗೂ ಪ್ರೀತಿ. ಕಾಯ್ದೆಯ ಕಣ್ಣಿಗೆ ಅವಳ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 2016ರಿಂದ 2020ರವರೆಗಿನ 7,064 ಪೋಕ್ಸೊ ತೀರ್ಪುಗಳನ್ನು ಪರಿಶೀಲಿಸಿದಾಗ ಶೇ 24.3ರಷ್ಟು ಇಂಥ ಪ್ರೇಮ ಪ್ರಕರಣಗಳೇ ಆಗಿದ್ದವು. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಚಿಂತಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಬಗ್ಗೆ ತಿಳಿಸಿಕೊಡಲು ಶಿಕ್ಷಣ ಇಲಾಖೆಗೆ ಸೂಚಿಸಿತು. ಆಯೋಗ 2023ರ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, 16ರಿಂದ 18ರವರ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಗರ್ಭಪಾತಕ್ಕೆ ಬರುವ ಇಂಥ ಹುಡುಗಿಯರೂ ಅವರ ಪೋಷಕರೂ ಕೋರಿದರೆ ಅವರ ಹೆಸರು ವಿವರಗಳನ್ನು ವೈದ್ಯರು ಪೊಲೀಸರಿಗೆ ಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಶಿಕ್ಷಕರಿಗೆ ಅಂಥ ಸಡಿಲಿಕೆ ಸಿಕ್ಕಿಲ್ಲ. ಇಲ್ಲಿ ಕಾನೂನು ಒರಟಾಗಿದೆ, ತಿದ್ದುಪಡಿಯಾಗಬೇಕು ಎಂದು ಶಿಕ್ಷಕರ ಸಂಘಗಳು ಗಟ್ಟಿಯಾಗಿ ಕೇಳಬೇಕು. ಅಲ್ಲಿಯವರೆಗೆ, ಯಾವುದು ಪ್ರೀತಿ, ಯಾವುದು ಬಲೆ ಎಂಬುದನ್ನು ಒಬ್ಬೊಬ್ಬ ಶಿಕ್ಷಕರೂ ಒಳಗೊಳಗೇ ತೀರ್ಮಾನಿಸಿ ಮುಚ್ಚಿಡುವ ಪದ್ಧತಿಯನ್ನು ಒಪ್ಪಲಾರೆ. ಪ್ರೀತಿಯ ಮುಸುಕಿನಲ್ಲಿ ಬರುವ ಮೋಸಕ್ಕೆ ಆ ಪದ್ಧತಿ ತೀರ ಅನುಕೂಲ. ಹುಡುಗಿಗೆ ಮೊದಲೇ ಕಾನೂನು ತಿಳಿಸಿ, ಆಕೆ ತನ್ನ ಮಾತನ್ನು ತೂಗಿ ಆಡುವಂತೆ ಮಾಡುವುದು ಸದ್ಯಕ್ಕಿರುವ ಪ್ರಾಮಾಣಿಕ ದಾರಿ. ಹಾಗೆ ಮಾಡಿದರೂ ಕೆಲವು ಪ್ರಕರಣಗಳಲ್ಲಿ ಅನ್ಯಾಯವಾಗುತ್ತದೆ ಎಂಬುದನ್ನು ಮುಚ್ಚಿಡಲಾಗದು.

ಹಾಗಾದರೆ ಗುಟ್ಟು ಕಾಯುವ ಕರ್ತವ್ಯ ವರದಿಯೊಂದಿಗೆ ಮುಗಿಯಿತೇ? ಅದು ನಿಜವಾಗಿ ಶುರುವಾಗುವುದೇ ಆಗ. ಠಾಣೆಗೆ ಹೇಳಿದ್ದನ್ನು ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೂ ಹೇಳಬಹುದೆಂದು ಅರ್ಥವಲ್ಲ. ಮಗುವಿನ ಹೆಸರು, ಮನೆ, ಶಾಲೆ, ಗುರುತು ಸಿಗುವಂಥ ಯಾವುದೂ ಮಾಧ್ಯಮದಲ್ಲಿ ಬರಬಾರದೆಂದು 23ನೇ ಕಲಂ ಕಟ್ಟುನಿಟ್ಟಾಗಿ ಹೇಳುತ್ತದೆ. ದೂರದಿಂದಲೂ ಗುರುತು ಹತ್ತುವಂತೆ ವಿವರ ಹೊರಬಿಡಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಮತ್ತೊಮ್ಮೆ ಒತ್ತಿ ಹೇಳಿತು. ಒಬ್ಬರಿಗೆ ಹೇಳಲೇಬೇಕು, ಉಳಿದ ಯಾರಿಗೂ ಹೇಳಕೂಡದು ಎಂಬ ಎರಡೂ ಕಟ್ಟಳೆಗಳು ಒಂದೇ ಕಾಯ್ದೆಯಲ್ಲಿ ಅಕ್ಕಪಕ್ಕದಲ್ಲಿವೆ. ನಮ್ಮಲ್ಲಿ ಆಗುತ್ತಿರುವುದು ಇದರ ತಿರುವುಮುರುವು: ಇಡೀ ಊರಿಗೆ ಗೊತ್ತಿರುತ್ತದೆ, ಪೊಲೀಸರೊಬ್ಬರಿಗೆ ಗೊತ್ತಿರುವುದಿಲ್ಲ. ಮರುದಿನ ಆ ಮಗು ತರಗತಿಗೆ ಬಂದಾಗ ಅದನ್ನು ವಿಶೇಷವಾಗಿ ನೋಡದಿರುವುದು, ಅಯ್ಯೋ ಪಾಪ ಎನ್ನದಿರುವುದು, ಹೋಂವರ್ಕ್ ಕೇಳುವಾಗ ಅದನ್ನೂ ಕೇಳುವುದು, ನ್ಯಾಯಾಲಯದ ತಾರೀಕಿನಿಂದ ತಪ್ಪಿದ ಪಾಠವನ್ನು ಸದ್ದಿಲ್ಲದೆ ಹೇಳಿಕೊಡುವುದು, ಸಹಪಾಠಿಗಳ ಪಿಸುಮಾತನ್ನು ಅಲ್ಲಲ್ಲೇ ನಿಲ್ಲಿಸುವುದು: ಇವು ಯಾವ ಕಲಮಿನಲ್ಲೂ ಇಲ್ಲ, ಇವಕ್ಕೆ ಶಿಕ್ಷೆಯೂ ಇಲ್ಲ ಬಹುಮಾನವೂ ಇಲ್ಲ. ಮಗುವಿಗೆ ಕೊಟ್ಟ ಮಾತನ್ನು ಶಿಕ್ಷಕರು ಉಳಿಸಿಕೊಳ್ಳುವುದು ಇಲ್ಲಿ.

ಈ ಇಕ್ಕಟ್ಟಿನ ಬಹುಪಾಲು ಹುಟ್ಟುವುದು ಮಾತು ಕೊಡುವ ಆ ಒಂದು ಕ್ಷಣದಲ್ಲಿ. ಆದ್ದರಿಂದ ಅದನ್ನು ತಪ್ಪಿಸುವುದು ಸಾಧ್ಯ. ಆಣೆ ಕೇಳಿದ ಮಗುವಿಗೆ, ‘ಎಲ್ಲರಿಗೂ ಹೇಳಲ್ಲ ಪುಟ್ಟಾ. ನಿನ್ನನ್ನ ಕಾಪಾಡೋಕೆ ಯಾರಿಗೆ ಹೇಳಲೇಬೇಕೋ ಅವರಿಗೆ ಮಾತ್ರ ಹೇಳ್ತೀನಿ, ಹೇಳೋಕೆ ಮುಂಚೆ ನಿಂಗೆ ತಿಳಿಸ್ತೀನಿ, ಆಮೇಲೂ ನಿನ್ನ ಜೊತೆಗೇ ಇರ್ತೀನಿ’ ಎನ್ನಲು ಶಿಕ್ಷಕರಿಗೆ ಯಾವ ಅಡ್ಡಿಯೂ ಇಲ್ಲ. ಇದನ್ನು ಜೂನ್ ತಿಂಗಳಲ್ಲಿ ಶಾಲೆ ಶುರುವಾದ ವಾರವೇ ಇಡೀ ತರಗತಿಗೆ ಹೇಳಿಬಿಡಬಹುದು, ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ವರ್ಷವಿಡೀ ಅಳಿಸದೆ ಬಿಡಬಹುದು. ಶಿಕ್ಷಕರ ತರಬೇತಿಯಲ್ಲಿ ಇದಕ್ಕೆ ಅರ್ಧ ದಿನ ಮೀಸಲಿಡಲು ಇಲಾಖೆಗೆ ಹೊಸ ಅನುದಾನ ಬೇಕಾಗಿಲ್ಲ. ತಂದೆ ತಾಯಂದಿರಲ್ಲೂ ಒಂದು ಕೋರಿಕೆ: ನಿಮ್ಮ ಮಗುವಿನ ಮಾತನ್ನು ಠಾಣೆಗೆ ಮುಟ್ಟಿಸಿದ ಶಿಕ್ಷಕರ ಮೇಲೆ ಮುನಿಯಬೇಡಿ. ಅವರು ಸುಮ್ಮನಿದ್ದಿದ್ದರೆ ನಿಮ್ಮ ಮನೆಗೆ ನೆಮ್ಮದಿ ಬರುತ್ತಿರಲಿಲ್ಲ, ತಪ್ಪು ಮಾಡಿದವನಿಗೆ ಬರುತ್ತಿತ್ತು.